ತಿಂಗಳಿಗೆ ನಾಲ್ಕು ಗೈರು

ಜನವರಿಯ ಕೊನೆಯ ದಿನ ಹತ್ತನೆಯ ತರಗತಿಯ ಹಾಜರಿ ಪುಸ್ತಕವನ್ನು ಕೂಡಿಸಿ, ಗೆರೆ ಹೊಡೆದು, ಕೆಳಗೆ ಸಹಿ ಮಾಡುವುದು ವರ್ಗ ಶಿಕ್ಷಕನ ಕೆಲಸ. ಶಾಲೆ ನಡೆದ ದಿನಗಳಲ್ಲಿ ನೂರಕ್ಕೆ ಎಪ್ಪತ್ತೈದು ದಿನ ಬಂದವರು ಪರೀಕ್ಷೆಗೆ ಕೂಡಬಹುದು. ಬಾರದವರ ಹೆಸರು ಕೊರತೆ ಪಟ್ಟಿಗೆ ಹೋಗುತ್ತದೆ. ಕೊರತೆಯನ್ನು ಮನ್ನಾ ಮಾಡಿಸಬೇಕಾದರೆ ತಕ್ಕ ಕಾರಣ ಬರೆದು, ಪುರಾವೆ ಹಚ್ಚಿ, ಸಂಸ್ಥೆಯ ಅಧ್ಯಕ್ಷರ ಶಿಫಾರಸು ಪಡೆದು, ಮುಖ್ಯೋಪಾಧ್ಯಾಯರ ಮೂಲಕ ಜಿಲ್ಲಾ ಕಚೇರಿಗೆ ಕಳಿಸಬೇಕು. ಇಷ್ಟು ನಿಯಮ. ಇದನ್ನು ನಾನು ಇಪ್ಪತ್ತು ವರ್ಷ ಭಕ್ತಿಯಿಂದ ಪಾಲಿಸಿದ್ದೆ. ಇಪ್ಪತ್ತೊಂದನೆಯ ವರ್ಷ ಅದರಿಂದಲೇ ಒಬ್ಬರನ್ನು ಹೊಡೆಯಬಹುದೆಂದು ಗೊತ್ತಾಯಿತು.

ಆ ಒಬ್ಬರು ನಮ್ಮ ಅನುದಾನಿತ ಪ್ರೌಢಶಾಲೆಯ ಅಧ್ಯಕ್ಷರು, ಊರಿಗೆ ಗೌಡರು. ಯಲಬುರ್ಗಾ ಮತ್ತು ಕುಷ್ಟಗಿಯ ನಡುವೆ ಇರುವ ನಮ್ಮೂರಿನಲ್ಲಿ ಶಾಲೆಗೆ ಜಾಗ ಕೊಟ್ಟವರು ಅವರೇ, ಅಮ್ಮನ ಗುಡಿಯ ಪಂಚರಲ್ಲಿ ಮೊದಲಿಗರೂ ಅವರೇ. ಹಳೆಯ ಮುಖ್ಯೋಪಾಧ್ಯಾಯರು ನಿವೃತ್ತರಾದಾಗ ಸೇವಾ ಹಿರಿತನದ ಪ್ರಕಾರ ಆ ಖುರ್ಚಿ ನನಗೆ ಬರಬೇಕಿತ್ತು. ಗೌಡರು ಆಡಳಿತ ಮಂಡಳಿಯ ಸಭೆ ಕರೆದು, ನನ್ನ ಬಗ್ಗೆ ಎರಡು ಒಳ್ಳೆಯ ಮಾತು ಹೇಳಿ, ತಮ್ಮ ಅಳಿಯನನ್ನು ಕೂಡಿಸಿದರು. ಅಳಿಯ ನನಗಿಂತ ಒಂಬತ್ತು ವರ್ಷ ಚಿಕ್ಕವನು. ನನ್ನ ಹತ್ತಿರವೇ ಬೀಜಗಣಿತ ಕಲಿತವನು, ಅದೂ ಅರ್ಧ. ನಾನು ಸಭೆಯಲ್ಲಿ ಚಪ್ಪಾಳೆ ತಟ್ಟಿ ಮನೆಗೆ ಬಂದೆ. ಆ ದಿನದಿಂದ ಸೇಡನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಆಗಾಗ ಬಿಸಿಲಿಗೆ ಹಾಕುತ್ತಿದ್ದೆ ಎಂದರೂ ನಡೆದೀತು.

ಆ ವರ್ಷ ನೂರಾ ಎಂಬತ್ತು ದಿನ ಶಾಲೆ ನಡೆದಿತ್ತು. ನೂರಾ ಮೂವತ್ತೈದು ಹಾಜರಿ ಬೇಕು. ಕಡಿಮೆ ಬಿದ್ದವರು ಮೂವರು, ಇಬ್ಬರು ಹುಡುಗರು ಮತ್ತು ಒಬ್ಬ ಹುಡುಗಿ. ಹುಡುಗರಿಬ್ಬರೂ ಜಾಣರು. ಅವರಿಗೆ ಕಾಮಾಲೆ ಆಗಿತ್ತೆಂದು ಪ್ರಮಾಣ ಪತ್ರ ತರಿಸಿದ್ದಾಯಿತು, ಗೌಡರ ಶಿಫಾರಸೂ ಆಯಿತು. ಹುಡುಗಿ ನೂರಾ ಇಪ್ಪತ್ತೊಂಬತ್ತು ದಿನ ಬಂದಿದ್ದಳು, ಆರು ದಿನ ಕಡಿಮೆ. ಗಣಿತದಲ್ಲಿ ಮೆತ್ತಗೆ, ಇಂಗ್ಲಿಷಿನಲ್ಲಿ ಇನ್ನೂ ಮೆತ್ತಗೆ. ಹಿಂದಿನ ವರ್ಷ ನಮ್ಮ ಶಾಲೆಗೆ ನೂರಕ್ಕೆ ನೂರು ಫಲಿತಾಂಶ ಬಂದು, ಅದರ ಫಲಕ ಮುಖ್ಯೋಪಾಧ್ಯಾಯರ ತಲೆಯ ಮೇಲೆ ತೂಗುತ್ತಿತ್ತು. ಆಕೆ ಕೂತರೆ ಫಲಕ ಅಲುಗಾಡುತ್ತದೆ ಎಂಬುದು ಅವರ ಅಂಜಿಕೆ. ಹೀಗಾಗಿ ಆ ವರ್ಷ ನಮ್ಮ ಊರಿನಲ್ಲಿ ಕಾಮಾಲೆ ಜಾಣ ಹುಡುಗರಿಗಷ್ಟೇ ಬಂದಿತು. ಹುಡುಗಿಯ ಮುಂದೆ ಮುಖ್ಯೋಪಾಧ್ಯಾಯರು ಕೆಂಪು ಶಾಯಿಯಲ್ಲಿ ‘ನಿಯಮಾನುಸಾರ ಅನರ್ಹ’ ಎಂದು ಬರೆದರು.

ಹುಡುಗಿಗೆ ತಂದೆ ತಾಯಿ ಇಲ್ಲ. ಅಜ್ಜಿ ಇದ್ದಾಳೆ, ತಂಗಿ ಇದ್ದಾಳೆ, ಮನೆಯ ಮಾತು ನಡೆಸುವ ಚಿಕ್ಕಪ್ಪ ಇದ್ದಾನೆ. ಈ ಸಲ ಪರೀಕ್ಷೆಗೆ ಕೂಡದಿದ್ದರೆ ಚಿಕ್ಕಪ್ಪ ಅವಳನ್ನು ಹತ್ತಿ ಬೀಜದ ಹೊಲಕ್ಕೆ ಕಳಿಸುತ್ತಾನೆ ಎಂದು ಅಜ್ಜಿ ಶಾಲೆಗೆ ಬಂದು ಹೇಳಿ ಹೋದಳು. ಅಲ್ಲಿ ಹೂವು ಬಿಡಿಸಿ ಹೂವಿಗೆ ಹಚ್ಚುವ ಕೆಲಸಕ್ಕೆ ಹುಡುಗಿಯರ ಸಣ್ಣ ಬೆರಳೇ ಬೇಕು. ಆ ಕೆಲಸಕ್ಕೆ ಹೋದವರು ಮರಳಿ ಶಾಲೆಗೆ ಬಂದದ್ದನ್ನು ನಾನು ಕಂಡಿಲ್ಲ. ಹತ್ತನೆಯದು ಪಾಸಾದರೆ ಅಂಗನವಾಡಿಯಲ್ಲಿ ಕೆಲಸ ಕೇಳಬಹುದು ಎಂಬುದು ಹುಡುಗಿಯ ಲೆಕ್ಕ.

ಇದನ್ನೆಲ್ಲ ಕೇಳಿ ನನ್ನ ಕರುಳು ಚುರುಕ್ ಎಂದಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಅಳಿಯ ಬರೆದ ಕೆಂಪು ಶಾಯಿಯನ್ನು ಅಳಿಸುವ ಆಸೆಯಿಂದಲೇ ನಾನು ಹಾಜರಿ ಪುಸ್ತಕವನ್ನು ಮತ್ತೆ ತೆರೆದೆ.

ಹುಡುಗಿಯ ಸಾಲಿನ ಮೇಲೆ ಬೆರಳಿಟ್ಟುಕೊಂಡು ಹೋದೆ. ಒಟ್ಟು ಐವತ್ತೊಂದು ಗೈರು. ಶೇಂಗಾ ಕೀಳುವಾಗಿನವು, ಅಜ್ಜಿಯ ಕಣ್ಣಿನ ಆಪರೇಷನ್ನಿನವು ಸೇರಿ ಇಪ್ಪತ್ತನಾಲ್ಕು. ಉಳಿದ ಇಪ್ಪತ್ತೇಳು ಬೇರೆ ಜಾತಿಯವು: ತಿಂಗಳಿಗೊಮ್ಮೆ, ಸಾಲಾಗಿ ನಾಲ್ಕು ದಿನ, ನಡುವೆ ರವಿವಾರ ಬಂದರೆ ಮೂರು. ಪಕ್ಕದ ಹುಡುಗಿಯ ಸಾಲಿಗೆ ಹೋದೆ. ಅಲ್ಲೂ ನಾಲ್ಕು. ತರಗತಿಯ ಎಂಟೂ ಹುಡುಗಿಯರದು ಇದೇ ಕಥೆ, ತಾರೀಖು ಮಾತ್ರ ಬೇರೆ. ಉಳಿದ ಏಳು ಮಂದಿ ಬೇರೆ ದಿನ ತಪ್ಪಿಸದ ಕಾರಣ ಪಾರಾಗಿದ್ದರು. ಹಿಂದಿನ ವರ್ಷದ ಒಂಬತ್ತನೆಯ ತರಗತಿಯ ಪುಸ್ತಕ ತೆಗೆದೆ. ಅವೇ ಹುಡುಗಿಯರು, ಇಂಥ ಗೈರು ಒಂದೂ ಇಲ್ಲ.

ಮೂವತ್ತು ದಿನಕ್ಕೊಮ್ಮೆ ಮರಳುವ ಒಂದು ಜಡ್ಡು ಕಳೆದ ಜೂನಿನಿಂದ ಊರಿಗೆ ಬಂದಿದೆ, ಹುಡುಗರನ್ನು ಬಿಟ್ಟು ಹುಡುಗಿಯರನ್ನೇ ಹಿಡಿಯುತ್ತಿದೆ. ಗಣಿತ ಶಿಕ್ಷಕನಾದ ನಾನು ಎರಡು ದಿನ ಯೋಚಿಸಿ ತೀರ್ಮಾನಕ್ಕೆ ಬಂದೆ: ಮಲೇರಿಯಾ. ಕಳೆದ ಜೂನಿನಲ್ಲಿಯೇ ಗೌಡರು ಗುಡಿಯ ಹಿಂದೆ ಬೋರು ಹೊಡೆಸಿ, ನೀರಿನ ತೊಟ್ಟಿ ಕಟ್ಟಿಸಿ, ದಾಳಿಂಬೆ ಹಚ್ಚಿದ್ದರು. ತೊಟ್ಟಿಯಲ್ಲಿ ಸೊಳ್ಳೆ, ಸೊಳ್ಳೆಯಿಂದ ಜ್ವರ, ಜ್ವರದಿಂದ ಗೈರು, ಗೈರಿಗೆ ಗೌಡರು ಹೊಣೆ. ಇಷ್ಟು ಸುಂದರವಾದ ಪ್ರಮೇಯವನ್ನು ನಾನು ಜೀವನದಲ್ಲಿ ಸಾಧಿಸಿರಲಿಲ್ಲ. ಕೂಡಲೇ ಉಪಕೇಂದ್ರದ ನರ್ಸಬಾಯಿಗೆ ಅಧಿಕೃತ ಪತ್ರ ಬರೆದು, ಎಂಟೂ ಹುಡುಗಿಯರ ರಕ್ತ ಪರೀಕ್ಷೆ ಮಾಡಲು ಕೋರಿದೆ. ಕಳಿಸಿದ ಕಾಗದಗಳ ಪುಸ್ತಕದಲ್ಲಿ ದಾಖಲಿಸಿ ಜಾವಕ ಸಂಖ್ಯೆಯನ್ನೂ ಹಾಕಿದೆ.

ನರ್ಸಬಾಯಿ ಬಂದು ಎಂಟು ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ತೆಗೆದುಕೊಂಡು ಹೋದಳು. ವಾರದ ಮೇಲೆ ಫಲಿತಾಂಶ ತಂದಳು. ಯಾರಿಗೂ ಏನೂ ಇಲ್ಲ. ನಾನು ಹಾಜರಿ ಪುಸ್ತಕ ಬಿಡಿಸಿ ಅವಳ ಮುಂದಿಟ್ಟು, ಇದಕ್ಕೇನು ಹೇಳುತ್ತೀರಿ ಎಂದು ಸವಾಲು ಹಾಕಿದೆ. ಅವಳು ಸಾಲುಗಳನ್ನು ನೋಡಿದಳು, ನನ್ನನ್ನು ನೋಡಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಮಾಸ್ತರ, ನಿಮಗ ಮಕ್ಕಳೆಷ್ಟ್ರಿ?”

“ಮೂವರು. ಯಾಕ?”

“ಅಕ್ಕಾರು ತಿಂಗಳಾ ನಾಕ್ ದಿನ ಹೊರಗ ಕೂತಾಗ ಅವರಿಗೂ ಮಲೇರಿಯಾ ಆಗೇತೇನಂತ ಡಾಕ್ಟರ ಕಡೆ ಕರ್ಕೊಂಡ್ ಹೋಗಿದ್ರೇನ್ರಿ?”

ನಾನು ಹಾಜರಿ ಪುಸ್ತಕ ಮುಚ್ಚಿದೆ. ಮುಚ್ಚುವುದಕ್ಕೆ ಮತ್ತೇನೂ ಸಿಗಲಿಲ್ಲ.

ಅವಳು ನಗು ನಿಲ್ಲಿಸಿ ಉಳಿದದ್ದನ್ನು ಹೇಳಿದಳು. ಊರಿನಿಂದ ಶಾಲೆಗೆ ಹೋಗುವ ದಾರಿ ಅಮ್ಮನ ಗುಡಿಯ ಬಾಗಿಲ ಮುಂದೆಯೇ ಹಾಯುತ್ತದೆ. ಹೊರಗಾದವರು ಅಲ್ಲಿ ಕಾಲಿಡುವಂತಿಲ್ಲ. ಗುಡಿಯ ಕಟ್ಟೆಯ ಮೇಲೆ ಕೂತ ಹಿರಿಯರಿಗೆ ಯಾವ ಹುಡುಗಿ ಹೇಗೆ ತಲೆ ತಗ್ಗಿಸಿ ನಡೆದಳು ಎನ್ನುವುದರಿಂದಲೇ ಎಲ್ಲ ಗೊತ್ತಾಗುತ್ತದಂತೆ. ಮೊದಲು ಹುಡುಗಿಯರು ಆ ನಾಲ್ಕು ದಿನ ಗುಡಿಯ ಹಿಂದಿನ ಬಂಡಿದಾರಿಯಿಂದ ಸುತ್ತಿ ಬರುತ್ತಿದ್ದರು. ಗೌಡರು ದಾಳಿಂಬೆಗೆ ಮುಳ್ಳುತಂತಿಯ ಬೇಲಿ ಹಾಕಿದಾಗ ಆ ದಾರಿ ಬೇಲಿಯ ಒಳಗೆ ಹೋಯಿತು. ಮುಂದಿನ ದಾರಿಗೆ ಅಮ್ಮ, ಹಿಂದಿನ ದಾರಿಗೆ ದಾಳಿಂಬೆ. ಹುಡುಗಿಯರು ಮನೆಯಲ್ಲಿ ಕುಳಿತರು.

ಎಂಟು ತಿಂಗಳು ನಾನು ಪ್ರತಿ ಮುಂಜಾನೆ ಹೆಸರು ಕೂಗಿ ‘ಗೈ’ ಎಂದು ಬರೆದಿದ್ದೆ. ನನ್ನ ತರಗತಿಯಲ್ಲಿ ಏನಾಗುತ್ತಿದೆ ಎಂದು ನನಗೆ ಹೇಳಲು ಒಬ್ಬ ಹೊರಗಿನ ಹೆಂಗಸು ಬರಬೇಕಾಯಿತು. ನಾಚಿಕೆ ಎಷ್ಟಾಯಿತೋ ಸಂತೋಷವೂ ಅಷ್ಟೇ ಆಯಿತು. ನನ್ನ ಪ್ರಮೇಯದಲ್ಲಿ ಸೊಳ್ಳೆಯೊಂದೇ ತಪ್ಪು. ಕೊನೆಯ ಸಾಲು ಹಾಗೇ ನಿಂತಿತ್ತು.

ರವಿವಾರ ಆಟದ ಮೈದಾನ ಅಳೆಯುವ ಟೇಪು ತೆಗೆದುಕೊಂಡು ಹೋಗಿ ಗುಡಿ, ಕಟ್ಟೆ, ಬೇಲಿ, ಶಾಲೆ ಎಲ್ಲವನ್ನೂ ಅಳೆದೆ. ಏನು ಅಳೆಯುತ್ತೀರಿ ಎಂದು ಕಟ್ಟೆಯ ಹಿರಿಯರು ಕೇಳಿದಾಗ ಕ್ಷೇತ್ರಮಿತಿ ಎಂದೆ. ಆ ಶಬ್ದದ ಮುಂದೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಸೋಮವಾರ ಗ್ರಾಮ ಲೆಕ್ಕಿಗರ ಹತ್ತಿರ ಊರಿನ ನಕಾಶೆ ನೋಡಿದೆ. ಗುಡಿಯ ಹಿಂದಿನ ಬಂಡಿದಾರಿ ನಿಜಾಮರ ಕಾಲದಿಂದಲೂ ಎರಡು ಚುಕ್ಕೆ ಸಾಲಾಗಿ ಅಲ್ಲಿತ್ತು. ಅದು ಗೌಡರ ಹೊಲವಲ್ಲ, ಸರಕಾರದ ದಾರಿ. ನಕಲು ಪಡೆದು ಎದೆಯ ಜೇಬಿನಲ್ಲಿಟ್ಟುಕೊಂಡೆ. ಆ ದಿನ ಮನೆಯಲ್ಲಿ ಎರಡು ರೊಟ್ಟಿ ಹೆಚ್ಚು ತಿಂದೆನೆಂದು ನನ್ನ ಹೆಂಡತಿ ಹೇಳುತ್ತಾಳೆ.

ಮಂಗಳವಾರ ಅರ್ಜಿಯ ಕರಡು ಬರೆದೆ. ‘ಸದರಿ ವಿದ್ಯಾರ್ಥಿನಿಯು ಮಾಸಿಕ ನಾಲ್ಕು ದಿನ ಗುಡಿಯ ಮುಂದಿನ ದಾರಿಯಲ್ಲಿ ಸಂಚರಿಸುವುದು ರೂಢಿಯಂತೆ ನಿಷಿದ್ಧವಾಗಿರುವುದರಿಂದಲೂ, ಪರ್ಯಾಯವಾದ ಬಂಡಿದಾರಿಯನ್ನು ಸಂಸ್ಥೆಯ ಅಧ್ಯಕ್ಷರು ಬೇಲಿ ಹಾಕಿ ಮುಚ್ಚಿರುವುದರಿಂದಲೂ, ಲಗತ್ತಿಸಿದ ಪಟ್ಟಿಯಂತೆ ಇಪ್ಪತ್ತೇಳು ದಿನ ಗೈರುಹಾಜರಾಗಿದ್ದು...’ ಇದನ್ನು ಓದಿ ನನಗೆ ನನ್ನ ಮೇಲೆಯೇ ಗೌರವ ಹುಟ್ಟಿತು. ಆಮೇಲೆ ಇದು ಯಾರ ಮೈಯ ವಿಷಯ ಎಂಬುದು ನೆನಪಾಯಿತು.

ಹುಡುಗಿಯನ್ನೂ ಅಜ್ಜಿಯನ್ನೂ ಉಪಕೇಂದ್ರಕ್ಕೆ ಕರೆಸಿ, ನರ್ಸಬಾಯಿಯ ಎದುರಿಗೆ ಕರಡನ್ನು ಹುಡುಗಿಯ ಕೈಗೆ ಕೊಟ್ಟೆ. ನಾನು ಗೋಡೆಯ ಮೇಲಿನ ಲಸಿಕೆಯ ಪಟ್ಟಿಯನ್ನು ಮೂರು ಸಲ ಓದಿದೆ. ಅಜ್ಜಿಗೆ ವಿಷಯ ತಿಳಿದು, ಇದನ್ನು ಕಾಗದದ ಮೇಲೆ ಬರೆಯುವುದುಂಟೇ, ನಾಳೆ ಯಾರು ಇವಳನ್ನು ಮಾಡಿಕೊಂಡಾರು ಎಂದು ತಲೆಯ ಮೇಲೆ ಕೈ ಹೊತ್ತಳು. ಕಾಮಾಲೆ ಎಂದೇ ಬರೆಯಿರಿ, ಉಪ್ಪಿನಕಾಯಿಯಷ್ಟು ಸುಳ್ಳು, ಯಾರಿಗೆ ನೋವು ಎಂದಳು.

ಹುಡುಗಿ ಕರಡನ್ನು ಎರಡನೆಯ ಸಲ ಓದಿ ಮಡಚಿದಳು.

“ಸುಳ್ಳ ಜಡ್ಡು ಬರೀಬ್ಯಾಡ್ರಿ ಸರ. ಮುಂದಿನ ಜೂನಿಗೆ ನನ್ನ ತಂಗಿ ಎಂಟನೇತ್ತಕ್ಕ ಬರತಾಳ. ಆಕಿಗೂ ಕಾಮಾಲಿ ಎಲ್ಲಿಂದ ತರೂನ್ರಿ?”

ಇದು ಕೊಪ್ಪಳದ ಜಿಲ್ಲಾ ಕಚೇರಿಯಲ್ಲಿ ಗಂಡಸರೂ ಓದುವ ಕಾಗದ ಎಂದು ಎಚ್ಚರಿಸಿದೆ.

“ಓದಲಿ ಬಿಡ್ರಿ. ಆದ್ರ ನನ್ನ ಒಬ್ಬಾಕಿ ಹೆಸರ ಹಾಕಿದ್ರ ನನ್ನ ಸುದ್ದಿ ಆಕ್ಕೈತ್ರಿ. ಎಂಟೂ ಮಂದೀದು ಹಾಕಿದ್ರ ದಾರಿ ಸುದ್ದಿ ಆಕ್ಕೈತಿ. ನಾ ಅವರಿಗೆ ಕೇಳತೀನ್ರಿ.”

ಮೂರು ವರ್ಷ ಗಣಿತದಲ್ಲಿ ಈಕೆಗೆ ನಾನು ಕೊಟ್ಟ ಅಂಕಗಳ ಬಗ್ಗೆ ಆಗ ಸ್ವಲ್ಪ ಸಂಶಯ ಬಂತು. ಎರಡು ದಿನದಲ್ಲಿ ಅವಳು ಎಂಟು ಸಹಿ ತಂದಳು. ಅರ್ಜಿ ಒಬ್ಬಳದು, ಪುರಾವೆ ಎಂಟು ಮಂದಿಯದು. ನಾನು ತಾರೀಖುವಾರು ಪಟ್ಟಿ ಹಾಕಿ, ಅಳತೆಯ ನಕ್ಷೆ ಬರೆದು, ದಾಳಿಂಬೆ ತೋಟವನ್ನು ಕೆಂಪು ಪೆನ್ಸಿಲಿನಲ್ಲಿ ತುಂಬಿದೆ. ಕೆಂಪು ಬೇಕೇ ಬೇಕೆಂದೇನೂ ಇರಲಿಲ್ಲ.

ಮುಖ್ಯೋಪಾಧ್ಯಾಯರು ಓದಿ ಬೆವರಿದರು. ಮಾವನವರ ಸಹಿ ಇಲ್ಲದೆ ಮುಂದೆ ಕಳಿಸಲಾರೆ ಎಂದರು. ಕಾಗದ ಒಂದು ವಾರ ಅವರ ಡ್ರಾವರಿನಲ್ಲಿ ಮಲಗಿತು. ದಿನಕ್ಕೆರಡು ಸಲ ನಾನು ಹೋಗಿ ಅದರ ಆರೋಗ್ಯ ವಿಚಾರಿಸುತ್ತಿದ್ದೆ. ಕೊಪ್ಪಳಕ್ಕೆ ಮುಟ್ಟಿಸಲು ಎರಡೇ ದಿನ ಉಳಿದಾಗ ನಾನೇ ಅದನ್ನು ಎತ್ತಿಕೊಂಡು ಗೌಡರ ಮನೆಗೆ ಹೋದೆ.

ಗೌಡರು ಪಡಸಾಲೆಯಲ್ಲಿ ದಾಳಿಂಬೆ ಆರಿಸುತ್ತ ಕುಳಿತಿದ್ದರು. ಕನ್ನಡಕ ತರಿಸಿ ಓದಿದರು. ಎಂಟು ಸಹಿಗಳ ಹತ್ತಿರ ಬಂದಾಗ ಕಾಗದವನ್ನು ತುಸು ದೂರ ಹಿಡಿದರು.

“ಹೆಣ್ಣುಡುಗರ ಇಂಥಾದ್ದೆಲ್ಲಾ ಕಾಗದದ ಮ್ಯಾಲ ಬರ್ಯಾಕ ನಿಮಗ ನಾಚಿಕಿ ಬರಲಿಲ್ಲೇನ್ರಿ ಮಾಸ್ತರ?”

“ಬಂತ್ರಿ. ಬಂದ್ರೂ ಬರದೀನ್ರಿ.”

“ನನ್ನ ಹೆಸರ ಯಾಕ ಬಂತು ಇದರಾಗ?”

“ಹೆಸರಿಲ್ರಿ, ಹುದ್ದೆ ಐತಿ. ಬೇಲಿ ಯಾರದಂತ ಅವರು ಕೇಳೇ ಕೇಳತಾರ್ರಿ. ಅವರಿಗೆ ತ್ರಾಸ ಆಗಬಾರದಂತ ಮೊದಲೇ ಬರದಿಟ್ಟೆ.”

ಗೌಡರು ನಕ್ಕರು. ಅವರು ದಡ್ಡರಲ್ಲ. ಒಂದು ಹಣ್ಣು ಒಡೆದು ಅರ್ಧ ನನ್ನ ಮುಂದಿಟ್ಟು, ಆ ಹುಡುಗಿಗೂ ಕಾಮಾಲೆ ಬರೆಸಿ, ಈಗಲೇ ಸಹಿ ಹಾಕುತ್ತೇನೆ, ಇದನ್ನು ಇಲ್ಲೇ ಹರಿದು ಹಾಕಿ ಎಂದರು.

ಇಲ್ಲಿ ನಾನು ಸತ್ಯ ಹೇಳಬೇಕು. ಆ ಗಳಿಗೆಯಲ್ಲಿ ಹುಡುಗಿಯ ಪ್ರವೇಶ ಪತ್ರ ನನ್ನ ಕೈಗೆ ಬಂದಂತೆಯೇ ಆಗಿತ್ತು. ಹೂಂ ಅಂದರೆ ಮುಗಿಯಿತು. ಬೇಡವೆಂದು ಹೇಳಿ ಗೌಡರು ಹಟ ಹಿಡಿದರೆ ಅವಳ ವರ್ಷ ಹೋಗುತ್ತದೆ, ನನ್ನದೇನೂ ಹೋಗುವುದಿಲ್ಲ. ಸುಳ್ಳು ಬೇಡ ಎಂದು ಅವಳೇ ಹೇಳಿದ್ದಾಳೆ ಎಂಬುದನ್ನು ನೆನಪು ಮಾಡಿಕೊಂಡೆ. ಆದರೆ ನನ್ನ ನಾಲಿಗೆಯನ್ನು ನಡೆಸಿದ್ದು ಅವಳ ಮಾತೋ, ಸಭೆಯಲ್ಲಿ ನಾನು ತಟ್ಟಿದ ಚಪ್ಪಾಳೆಯೋ, ಇವತ್ತಿಗೂ ಪ್ರಮಾಣ ಮಾಡಿ ಹೇಳಲಾರೆ. ಜೇಬಿನಿಂದ ಗ್ರಾಮ ನಕಾಶೆಯ ನಕಲು ತೆಗೆದು ದಾಳಿಂಬೆಯ ಪಕ್ಕದಲ್ಲಿ ಬಿಡಿಸಿದೆ.

“ಇದು ಬಂಡಿದಾರಿ ಅಲ್ರಿ ಗೌಡ್ರ? ನೀವು ಸಹಿ ಹಾಕಲಿಲ್ಲಂದ್ರ ಆ ಹುಡುಗಿ ಅಜ್ಜಿ ನಾಳೆ ನೆಟ್ಟಗ ಕೊಪ್ಪಳಕ್ಕ ಅರ್ಜಿ ಕೊಡತಾಳ. ಅದಕ್ಕ ಇದನ್ನ ಹಚ್ಚತೀನಿ. ಆಮ್ಯಾಲ ಸಾಲಿ ಸಾಹೇಬ್ರ ಬದಲಿ ತಹಶೀಲ್ದಾರ್ರು ಬರತಾರ್ರಿ, ಅಳ್ಯಾಕ.”

ಗೌಡರು ನಕಾಶೆಯನ್ನು ಬಹಳ ಹೊತ್ತು ನೋಡಿದರು. ಬೋರು ಎಲ್ಲಿದೆ, ಚುಕ್ಕೆ ಸಾಲು ಎಲ್ಲಿದೆ ಎಂದು ಬೆರಳಿನಿಂದಲೇ ಅಳೆದರು. ನಂತರ ಪೆನ್ನು ಕೇಳಿದರು. ‘ಶಿಫಾರಸು ಮಾಡಿದೆ’ ಎಂದು ಬರೆದು ಸಹಿ ಮಾಡುವಾಗ ಅವರ ಕೈ ನಡುಗಿತು ಎಂದು ಬರೆಯಲು ನನಗೆ ಆಸೆ. ನಡುಗಲಿಲ್ಲ. ಸಹಿ ಬಹಳ ದುಂಡಗೆ ಬಂದಿತ್ತು.

“ಭಾಳ ವರ್ಷದ ಸಿಟ್ಟ ಇಟಗೊಂಡೀರಿ ಬಿಡ್ರಿ ಮಾಸ್ತರ,” ಎಂದರು.

“ಇಲ್ರಿ ಗೌಡ್ರ,” ಎಂದು ಸುಳ್ಳು ಹೇಳಿ, ಅರ್ಧ ಹಣ್ಣನ್ನು ಅಲ್ಲಿಯೇ ಬಿಟ್ಟು ಬಂದೆ.

ಅಳಿಯನಿಗೆ ಮಾವನ ಸಹಿ ತೋರಿಸಿದ ಮೇಲೆ ಅವನ ಸಹಿಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಕೊಪ್ಪಳ ಜಿಲ್ಲೆಯಾಗಿ ಆಗಿನ್ನೂ ಮೂರ್ನಾಲ್ಕು ವರ್ಷ. ಮೊದಲಾದರೆ ಒಂದು ಸಹಿಗೆ ರಾಯಚೂರಿಗೆ ಹೋಗಿ ಬರಲು ಎರಡು ದಿನ ಬೇಕಿತ್ತು. ಈಗ ಮುಂಜಾನೆ ಬಸ್ಸಿಗೆ ಹೋದರೆ ಸಂಜೆಗೆ ಮನೆ. ಸೇಡು ತೀರಿಸಿಕೊಳ್ಳುವವರಿಗೆ ಜಿಲ್ಲಾ ವಿಭಜನೆಯಿಂದ ಆದ ಅನುಕೂಲವನ್ನು ಯಾರೂ ಎಲ್ಲೂ ಬರೆದಂತಿಲ್ಲ.

ಕಚೇರಿಯ ಗುಮಾಸ್ತ ಕಾಗದ ನೋಡಿ, ಕಾರಣದ ಕಾಲಮ್ಮಿನಲ್ಲಿ ಕಾಯಿಲೆ ಎಂದು ಬರೆಯಲೋ ಇತರೆ ಎಂದು ಬರೆಯಲೋ ಎಂದು ಕೇಳಿದ. ದಾರಿ ಎಂದು ಬರೆಯಿರಿ ಎಂದೆ. ಅಂಥ ಕಾಲಮ್ಮಿಲ್ಲ ಎಂದು ಅವನು ಕಡತವನ್ನು ಒಳಗೆ ಅಧಿಕಾರಿಗಳಿಗೆ ಒಯ್ದ. ಅವರು ಒಬ್ಬ ಹೆಣ್ಣುಮಗಳು, ನಿವೃತ್ತಿಯ ಹತ್ತಿರದವರು. ಅರ್ಜಿಯನ್ನೂ ಪಟ್ಟಿಯನ್ನೂ ಎರಡು ಸಲ ಓದಿದರು. ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಗುಡಿಯಿಂದ ಶಾಲೆಗೆ ಎಷ್ಟು ಹೆಜ್ಜೆ ಎಂದು ಕೇಳಿದರು. ನಾನು ಮೀಟರಿನಲ್ಲಿ ಹೇಳಿದೆ. ಹೆಜ್ಜೆ ಹೇಳಿ ಎಂದರು. ಅದನ್ನು ನಾನು ಎಣಿಸಿರಲಿಲ್ಲ.

“ಹುಡುಗ್ಯಾರು ಎಣಿಸಿರತಾರ ಬಿಡ್ರಿ,” ಎಂದು ಅವರು ಕೊರತೆ ಮನ್ನಾ ಮಾಡಿ ಸಹಿ ಹಾಕಿದರು.

ಆಮೇಲೆ ಇನ್ನೊಂದು ಹಾಳೆ ತೆಗೆದುಕೊಂಡು ತಮ್ಮ ಕೈಯಿಂದಲೇ ಒಂದು ಜ್ಞಾಪನ ಬರೆದರು: ಸದರಿ ಬಂಡಿದಾರಿಯನ್ನು ಕೂಡಲೇ ತೆರೆಯತಕ್ಕದ್ದು, ದಾರಿ ತೆರೆದಿದೆ ಎಂದು ಅಧ್ಯಕ್ಷರು ಮತ್ತು ಮುಖ್ಯೋಪಾಧ್ಯಾಯರು ಜಂಟಿ ಸಹಿಯೊಂದಿಗೆ ಪ್ರತಿ ತಿಂಗಳು ಒಂದನೆಯ ತಾರೀಖಿಗೆ, ಮುಂದಿನ ಆದೇಶದವರೆಗೆ, ಈ ಕಚೇರಿಗೆ ವರದಿ ಸಲ್ಲಿಸತಕ್ಕದ್ದು. ನಾನು ಅಷ್ಟನ್ನು ಕೇಳಿರಲಿಲ್ಲ. ಕೇಳುವಷ್ಟು ಕಲ್ಪನೆಯೂ ನನಗಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಆ ಹಾಳೆಯನ್ನು ಯಲಬುರ್ಗಾ ಬರುವ ತನಕ ಓದಿದೆ.

ಬೇಲಿ ಸರಿಯಿತು, ಬಂಡಿಯಷ್ಟಲ್ಲ, ಇಬ್ಬರು ಸಾಲಾಗಿ ನಡೆಯುವಷ್ಟು. ಹುಡುಗಿ ಪರೀಕ್ಷೆಗೆ ಕೂತಳು. ಮೇ ತಿಂಗಳಲ್ಲಿ ಫಲಿತಾಂಶ ಬಂತು. ಎಲ್ಲ ವಿಷಯಗಳಲ್ಲಿ ಪಾಸು, ಇಂಗ್ಲಿಷಿನಲ್ಲೂ. ಗಣಿತದಲ್ಲಿ ನಪಾಸು. ಫಲಕ ಗೋಡೆಯಿಂದ ಇಳಿದು ಬೇರೆ ಶಾಲೆಗೆ ಹೋಯಿತು. ಮುಖ್ಯೋಪಾಧ್ಯಾಯರು ನನಗೇನೂ ಅನ್ನಲಿಲ್ಲ; ಅನ್ನಬೇಕಾದುದನ್ನು ಹುಡುಗಿಯೇ ಅಂದಳು. ಅಂಕಪಟ್ಟಿ ಒಯ್ಯಲು ಬಂದವಳು ಅದನ್ನು ನನ್ನ ಮುಂದಿಟ್ಟಳು.

“ಫೆಬ್ರವರಿ ತುಂಬಾ ನೀವು ಗೌಡ್ರ ತೋಟ ಅಳದ್ರಿ ಸರ. ತ್ರಿಕೋನಮಿತಿ ಹಂಗೇ ಉಳೀತು.”

ಅದು ಖರೆಯಾಗಿತ್ತು. ಸೇಡಿನ ಗುಂಗಿನಲ್ಲಿ ಕೊನೆಯ ಎರಡು ಅಧ್ಯಾಯಗಳನ್ನು ನಾನು ಓಡಿಸಿಬಿಟ್ಟಿದ್ದೆ. ಅವಳನ್ನು ಪರೀಕ್ಷೆಗೆ ಕೂಡಿಸಿದವನೂ ನಾನೇ, ಅದರಲ್ಲಿ ಕೆಡವಿದವನೂ ನಾನೇ. ಮರುದಿನದಿಂದ ನಸುಕಿನಲ್ಲಿ, ಬಿಸಿಲೇರುವ ಮೊದಲು, ಶಾಲೆಯ ಜಗುಲಿಯ ಮೇಲೆ ಅವಳಿಗೆ ಪಾಠ ಹೇಳಿದೆ. ಒಂದು ದಿನವೂ ತಪ್ಪಿಸಲಿಲ್ಲ, ಅವಳೂ ತಪ್ಪಿಸಲಿಲ್ಲ. ಪೂರಕ ಪರೀಕ್ಷೆಯಲ್ಲಿ ಪಾಸಾದಳು. ಚಿಕ್ಕಪ್ಪ ಹತ್ತಿ ಹೊಲದ ಮಾತು ಬಿಟ್ಟ. ಜೂನಿನಲ್ಲಿ ಅವಳ ತಂಗಿ ಎಂಟನೆಯ ತರಗತಿಗೆ ಬಂದಳು. ಆ ತರಗತಿ ನನ್ನದೇ, ಏಕೆಂದರೆ ಹತ್ತನೆಯದನ್ನು ಗೌಡರು ನನ್ನಿಂದ ಕಸಿದುಕೊಂಡಿದ್ದರು.

ಕಸಿದುಕೊಳ್ಳಲಿ. ಪ್ರತಿ ತಿಂಗಳ ಕೊನೆಯ ದಿನ ನಾನು ವರದಿಯ ಕರಡು ತಯಾರಿಸಿ, ಕಾರ್ಬನ್ ಹಾಕಿ ಮೂರು ಪ್ರತಿ ಮಾಡಿ ಮುಖ್ಯೋಪಾಧ್ಯಾಯರ ಮೇಜಿನ ಮೇಲಿಡುತ್ತಿದ್ದೆ. ‘ಹೊರಗಾದ ವಿದ್ಯಾರ್ಥಿನಿಯರು ಸಂಚರಿಸಲು ಅಧ್ಯಕ್ಷರ ತೋಟದ ಮೂಲಕ ಹಾಯುವ ದಾರಿಯು ತೆರೆದಿರುತ್ತದೆ.’ ಅಳಿಯ ಸಹಿ ಮಾಡಿ ಮಾವನ ಮನೆಗೆ ಒಯ್ಯುತ್ತಿದ್ದ; ಮಾವ ಸಹಿ ಮಾಡುತ್ತಿದ್ದರು. ದಾಳಿಂಬೆಗೆ ರೋಗ ಬಿದ್ದು ಗಿಡಗಳನ್ನೆಲ್ಲ ಕಿತ್ತ ಮೇಲೂ ವರದಿ ಹೋಗುತ್ತಿತ್ತು. ಆ ಅಧಿಕಾರಿ ನಿವೃತ್ತರಾದರು, ಅವರ ಜಾಗಕ್ಕೆ ಇನ್ನಿಬ್ಬರು ಬಂದು ಹೋದರು. ಯಾರೂ ಅದನ್ನು ಬೇಡವೆಂದು ಹೇಳಲಿಲ್ಲ.

ನನ್ನ ನಿವೃತ್ತಿಯ ದಿನ ಶಾಲು ಹೊದಿಸಿದ ಮೇಲೆ ಮುಖ್ಯೋಪಾಧ್ಯಾಯರು ನನ್ನನ್ನು ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು. ಇಷ್ಟು ವರ್ಷದ ಮೇಲೆ ಮೊದಲ ಸಲ ನನ್ನ ಹಳೆಯ ವಿದ್ಯಾರ್ಥಿಯಂತೆ ಕಂಡರು.

“ಸರ, ಮಾವನವರಿಗೆ ವಯಸ್ಸಾತ್ರಿ. ಕಣ್ಣು ಕಾಣೂದಿಲ್ಲ, ಎಲ್ಲಿ ಸಹಿ ಹಾಕಬೇಕಂತ ನಾನೇ ಬಟ್ಟು ಹಿಡದು ತೋರಸತೀನಿ. ಆ ವರದಿ ಇನ್ನ ಸಾಕ ಮಾಡೂನೇನ್ರಿ?”

ನಾನು ಕಪಾಟಿನಿಂದ ಕಡತ ತೆಗೆದು, ಜ್ಞಾಪನದ ಹಾಳೆಯನ್ನು ಹುಡುಕಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ಕನ್ನಡಕ ಸರಿಪಡಿಸಿಕೊಂಡು ಅವರಿಗೆ ಪೂರ್ತಿ ಓದಿ ಹೇಳಿದೆ. ಆಮೇಲೆ ಕಡತವನ್ನು ಅವರ ಕೈಯಲ್ಲಿಟ್ಟೆ.

“ಮುಂದಿನ ಆದೇಶ ಇನ್ನ ಬಂದಿಲ್ಲಲ್ರಿ,” ಎಂದೆ.